ಕೆಂಗೇರಿಗೆ ಹೋಗಿ ಬಂದದ್ದು

ಕಳೆದ ಡಿಸೆಂಬರಿನ ರಜೆ ಮುಗಿಯುವ ಹೊತ್ತಿಗೆ ನಾವೆಲ್ಲ ಕೆಂಗೇರಿಗೆ ಹೋಗಿದ್ದೆವು. ಕೆಂಗೇರಿಯಲ್ಲಿ ನಮಗೆ ನೆಂಟರಿಲ್ಲ, ಕೆಲಸವೂ ಇಲ್ಲ. ವಿಜಯನಗರದಲ್ಲಿ ಮೆಟ್ರೋ ಹತ್ತಿದೆವು, ಕೊನೆಗೆ ಕೆಂಗೇರಿಯಲ್ಲಿ ಇಳಿದು ಎಳನೀರು ಕುಡಿದೆವು, ಮತ್ತೆ ಮೆಟ್ರೋ ಹತ್ತಿ ಬಂದೆವು. ಇದನ್ನು ನನ್ನ ಹೆಂಡತಿ ವಿಮಲಾ ಟೂರು ಎನ್ನುತ್ತಿದ್ದಳು. ಮರುದಿನ ಬೆಳಿಗ್ಗೆ ಹಾಲಿನ ಪ್ಯಾಕೆಟ್ ಒಳಗೆ ತಂದಿಟ್ಟು ಕುರ್ಚಿಯಲ್ಲಿ ಕೂತವಳು ಮತ್ತೆ ಏಳಲಿಲ್ಲ. ಹಾಗಾಗಿ ನಮ್ಮ ಮನೆಯ ಕೊನೆಯ ಮಾಮೂಲಿ ದಿನ ಕೆಂಗೇರಿಯ ಪಾಲಾಯಿತು.

ಚಳಿಗಾಲದ ಬಗ್ಗೆ ಒಂದು ಮಾತು ಹೇಳಬೇಕು. ಶಾಲೆಯಲ್ಲಿ ನಾನೂ ಆರು ಋತುಗಳನ್ನು ಬಾಯಿಪಾಠ ಮಾಡಿದವನೇ. ಆದರೆ ಹೇಮಂತ, ಶಿಶಿರ ಎಂದು ಎರಡೆರಡು ತಿಂಗಳು ಹಂಚಿಕೊಟ್ಟವರು ಬಸವೇಶ್ವರನಗರದಲ್ಲಿ ಬಾಡಿಗೆಗೆ ಇದ್ದವರಲ್ಲ. ಇಲ್ಲಿಯ ಚಳಿಗಾಲ ಪೇಪರಿನವನ ಜೊತೆ ಬಂದು, ತಿಂಡಿಯ ಹೊತ್ತಿಗೆ ಹೊರಟುಹೋಗುತ್ತದೆ. ವಿಮಲಾ ಹೊರಗೆ ನೋಡುತ್ತಿರಲಿಲ್ಲ, ಕ್ಯಾಲೆಂಡರ್ ನೋಡುತ್ತಿದ್ದಳು. ಡಿಸೆಂಬರ್ ಎಂದರೆ ಎಲ್ಲರಿಗೂ ಸ್ವೆಟರ್. ಬಿಸಿಲೇರಿದ ಮೇಲೆ ಅವೆಲ್ಲ ಒಂದೊಂದಾಗಿ ಕಳಚಿ ನನ್ನ ಹೆಗಲ ಬ್ಯಾಗಿಗೆ ಬರುತ್ತಿದ್ದವು. ಮನೆಮಂದಿಯ ಚಳಿಯನ್ನೆಲ್ಲ ನಾನೊಬ್ಬನೇ ಹೊತ್ತುಕೊಂಡು ಬೆವರುತ್ತಿದ್ದೆ.

ಈ ಸಲದ ರಜೆಗೆ ಬ್ಯಾಡರಹಳ್ಳಿಯಿಂದ ಮಗಳು ಸುಧಾ ಬಂದಳು, ಜೊತೆಗೆ ಮೊಮ್ಮಗಳು ಧೃತಿ. ಬ್ಯಾಡರಹಳ್ಳಿ ಸ್ಕೂಟರಿನಲ್ಲಿ ಬಂದು ಕಾಫಿ ಕುಡಿದು ಹೋಗುವಷ್ಟು ಹತ್ತಿರ. ಆದರೂ ರಜೆಗೆ ಬರುವುದೆಂದರೆ ಬಟ್ಟೆಯ ಬ್ಯಾಗ್ ಸಮೇತ ಬರಬೇಕು, ಇಲ್ಲದಿದ್ದರೆ ಅದು ರಜೆಯಲ್ಲ. ಬ್ಯಾಗ್ ಇಳಿಸಿದ ಕೂಡಲೇ ಧೃತಿ ಕೇಳಿದಳು, “ತಾತ, ಈ ಸಲ ಕೆಂಗೇರಿ ಇಲ್ವಾ?”

ವರ್ಷ ತುಂಬಲು ಇನ್ನೂ ಕೆಲವು ದಿನ ಉಳಿದಿತ್ತು. ವರ್ಷದೊಳಗೆ ನಮ್ಮಲ್ಲಿ ಹಬ್ಬ ಮಾಡುವುದಿಲ್ಲ. ಒಲೆಯ ಮೇಲೆ ಹೂರಣ ಬೇಯುವಂತಿಲ್ಲ, ಬಾಗಿಲಿಗೆ ತೋರಣ ಕಟ್ಟುವಂತಿಲ್ಲ. ಹಬ್ಬವಿಲ್ಲದ ಮನೆ ಎಂದು ಅಕ್ಕಪಕ್ಕದವರು ನೆನಪಿಟ್ಟು ಡಬ್ಬಿ ತುಂಬಿ ಕಳಿಸುತ್ತಾರೆ. ಹಬ್ಬ ಮಾಡದ ಈ ವರ್ಷ ನಾನು ತಿಂದಷ್ಟು ಹೋಳಿಗೆಯನ್ನು ಮಾಡಿದ ಯಾವ ವರ್ಷವೂ ತಿಂದಿಲ್ಲ. ಆದರೆ ಮೆಟ್ರೋ ಹತ್ತಿ ಎಳನೀರು ಕುಡಿಯುವುದು ಹಬ್ಬವೋ ಅಲ್ಲವೋ ನನಗೆ ಗೊತ್ತಿರಲಿಲ್ಲ. ಇಂಥದ್ದನ್ನು ನಮ್ಮ ಅಕ್ಕನನ್ನು ಕೇಳಬೇಕು. ಫೋನ್ ಮಾಡಿದೆ.

“ವರ್ಷ ತುಂಬಿಲ್ಲ ಕಣೋ. ಆಗ್ಲೇ ಟೂರ್ ಹೊಡೀತೀಯಾ?”

“ಕೆಂಗೇರಿ ಅಕ್ಕ. ಅದೇನು ಕಾಶ್ಮೀರಾನಾ?”

ಅಕ್ಕ ಸ್ವಲ್ಪ ಯೋಚಿಸಿದಳು. “ಎಳನೀರು ಪರ್ವಾಗಿಲ್ಲ. ಹೋಟ್ಲಿಗೆ ಮಾತ್ರ ಹೋಗ್ಬೇಡ. ಐಸ್‌ಕ್ರೀಮ್ ಬೇಡ. ಮಗೂಗೆ ಬೇಕಾದ್ರೆ ಕೊಡ್ಸು, ನೀನು ನೆಕ್ಕಬೇಡ.”

ನನಗಿದ್ದ ಅಳುಕು ಬೇರೆ. ವಿಮಲಾ ಇಲ್ಲದೆ ಒಂದು ಇಡೀ ದಿನವನ್ನು ಹೊರಗೆ ಕಳೆಯಲು ನಮಗೆ ಬರುತ್ತದೆಯೇ? ಬರದಿದ್ದರೆ ಧೃತಿ ಎರಡು ದಿನ ಟಿವಿ ನೋಡಿಕೊಂಡು ವಾಪಸ್ಸು ಹೋಗುತ್ತಾಳೆ. ಮುಂದಿನ ರಜೆಗೆ ಬಟ್ಟೆಯ ಬ್ಯಾಗ್ ಇಲ್ಲದೆ ಬರುತ್ತಾಳೆ. ಆಮೇಲೆ ಬರುವುದೂ ನಿಲ್ಲುತ್ತದೆ. ಯಾರ ತಪ್ಪೂ ಇಲ್ಲದೆ ಹೀಗೆ ನಿಂತುಹೋದ ತಾತನ ಮನೆಗಳನ್ನು ನಮ್ಮ ಬೀದಿಯಲ್ಲೇ ನೋಡಿದ್ದೇನೆ.

ಹೊರಡುವ ದಿನ ಬೆಳಿಗ್ಗೆಯೇ ಬಿಸಿಲು ಚುರುಗುಟ್ಟುತ್ತಿತ್ತು. ಆದರೂ ಸುಧಾ ಸ್ವೆಟರುಗಳನ್ನು ತಂದಳು. “ಅಮ್ಮ ಬಿಡ್ತಿದ್ಲಾ?” ಎಂದಳು. ಹಾಕಿಕೊಂಡೆವು. ವಿಜಯನಗರದ ಸ್ಟೇಷನ್ನಿನ ಮೆಟ್ಟಿಲು ಮುಗಿಯುವ ಮೊದಲೇ ಮೂರೂ ಸ್ವೆಟರು ಬ್ಯಾಗಿನಲ್ಲಿದ್ದವು. ಧೃತಿ ಕಿಟಕಿಗೆ ಮೂಗು ಒತ್ತಿ ನಿಂತಳು. ಕೆಂಗೇರಿ ಹೋದ ವರ್ಷ ಎಲ್ಲಿತ್ತೋ ಅಲ್ಲೇ ಇತ್ತು.

ಎಳನೀರಿನ ಗಾಡಿಯ ಮುಂದೆ ಸುಧಾ, “ನೀರು ಜಾಸ್ತಿ ಇರೋದು ಕೊಡಣ್ಣ” ಎಂದಳು.

“ಎಲ್ಲಾದ್ರಲ್ಲೂ ನೀರೇ ಇರೋದಕ್ಕ. ಹಾಲು ಬೇಕಂದ್ರೆ ಬೂತಿಗೋಗಿ.”

ಧೃತಿ ಮೂಗಿನಿಂದ ಎಳನೀರು ಬರುವಷ್ಟು ನಕ್ಕಳು. ಅವಳನ್ನು ನೋಡಿ ನಾನೂ ನಕ್ಕೆ. ನಕ್ಕ ಮೇಲೆ ಸುತ್ತ ನೋಡಿದೆ. ನಗುವ ಬಗ್ಗೆ ಅಕ್ಕ ಏನೂ ಹೇಳಿರಲಿಲ್ಲ.

ವಾಪಸ್ಸು ಬಂದು ನಮ್ಮ ಬಡಾವಣೆಯ ಪಾರ್ಕಿನಲ್ಲಿ, ಮನೆಯಿಂದ ಕಟ್ಟಿಕೊಂಡಿದ್ದ ಪುಳಿಯೋಗರೆ ತಿಂದೆವು. ಹೋಟೆಲಿಗೆ ಹೋಗಬಾರದು ಎಂಬ ನಿಯಮವನ್ನು ಹೋಟೆಲಿನ ಎದುರಿಗೇ ಇದ್ದ ಪಾರ್ಕಿನ ಬೆಂಚಿನಲ್ಲಿ ಕೂತು ಪಾಲಿಸಿದೆವು. ಧೃತಿ ಜೋಕಾಲಿ ಆಡಿದಳು, ಜಾರುಬಂಡೆ ಆಡಿದಳು, ಆಮೇಲೆ ಸುಸ್ತಾಗಿ ಮರಳಿನಲ್ಲಿ ಸುಮ್ಮನೆ ಕೂತಳು. ಬಿಸಿಲು ಇಳಿಯಿತು. ದೀಪಗಳು ಹೊತ್ತಿಕೊಂಡವು. ಸೊಳ್ಳೆಗಳು ಬಂದವು. ನಾವು ಕೂತೇ ಇದ್ದೆವು.

“ಏನಪ್ಪ?” ಎಂದಳು ಸುಧಾ.

“ಏನಿಲ್ಲಮ್ಮ. ನೀನು ಹೇಳ್ತೀಯೇನೋ ಅಂತ ಕೂತಿದೀನಿ.”

“ನಾನೂ ಅಷ್ಟೇ. ನೀನು ಹೇಳ್ತೀಯೇನೋ ಅಂತ.”

ಅಷ್ಟರಲ್ಲಿ ಕಾವಲುಗಾರ ಬಂದು, “ಸಾರ್, ಗೇಟ್ ಹಾಕ್ಬೇಕು, ಮನೆ ಇಲ್ವಾ ನಿಮಗೆ?” ಎಂದ. ಇದೆ ಎಂದು ಹೇಳಿ ಎದ್ದೆವು.

ದಾರಿಯಲ್ಲಿ ಧೃತಿ, ಮುಂದಿನ ವರ್ಷ ಕೆಂಗೇರಿಯಲ್ಲಿ ಎರಡು ಎಳನೀರು ಕುಡಿಯುವುದೆಂದು ತೀರ್ಮಾನಿಸಿದಳು. ಅಂದರೆ ಬರುತ್ತಾಳೆ. ಹೊರಡಲು ನಮಗೆ ಬರುತ್ತದೆ, ತಿನ್ನಲು ಬರುತ್ತದೆ, ನಗಲೂ ಬರುತ್ತದೆ. “ಸಾಕು, ಏಳಿ, ಮನೆಗೆ ಹೋಗೋಣ” ಎನ್ನುವವರು ಮಾತ್ರ ನಮ್ಮಲ್ಲಿ ಈಗ ಯಾರೂ ಇಲ್ಲ.