ಇನ್ನೊಬ್ಬ ಡಾಕ್ಟರ ಹೆಸರು

ವೈದ್ಯರ ಮುಂದೆ ನಾಲಿಗೆ ಚಾಚಲು ನಮ್ಮ ಕಡೆಯ ರೋಗಿಗೆ ಸಂಕೋಚವಿಲ್ಲ. ಆ ನಾಲಿಗೆಯಿಂದ ಇನ್ನೊಬ್ಬ ವೈದ್ಯರ ಹೆಸರೆತ್ತಲು ಮಾತ್ರ ಮಹಾಸಂಕೋಚ. ನೀವಿದನ್ನು ಸುಳ್ಳೆನ್ನಬಹುದು, ನಾವು ಸೌಜನ್ಯವೆನ್ನುತ್ತೇವೆ. ಒಬ್ಬರ ಮನೆಯಲ್ಲಿ ಉಣ್ಣುತ್ತ ಇನ್ನೊಬ್ಬರ ಅಡುಗೆಯನ್ನು ಯಾರಾದರೂ ಹೊಗಳುತ್ತಾರೆಯೆ?

ಎಪ್ಪತ್ತರ ದಶಕದಲ್ಲಿ, ವಿಜಾಪುರದ ಶಾಲೆಯೊಂದರಲ್ಲಿ ನಾನು ಮಕ್ಕಳಿಗೆ ಸತ್ಯನಿಷ್ಠೆಯನ್ನು ಬೋಧಿಸುತ್ತಿದ್ದ ಕಾಲಕ್ಕೆ, ತಾಯಿಯಿಲ್ಲದ ನನ್ನನ್ನು ಸಾಕಿ ಬೆಳೆಸಿದ ಬಬಲೇಶ್ವರದ ಚಿಕ್ಕಮ್ಮ, ನಮ್ಮ ಚಿಗವ್ವ, ವಿಷಮಜ್ವರದಿಂದೆದ್ದು, ತೀರ ಕೃಶಳಾಗಿ, ಅದೇ ಊರಿನ ಇಬ್ರಾಹಿಂಪುರದ ನಮ್ಮ ಮನೆಗೆ ಬಂದಳು. ಸಕ್ಕರೆ ಕಾಯಿಲೆಗೆ ತಿಕೋಟಾದ ಡಾಕ್ಟರು ಕೊಟ್ಟ ಗುಳಿಗೆಯನ್ನು ಅವಳು ಆಗಲೇ ನುಂಗುತ್ತಿದ್ದಳು. ನಾನು ಅವಳನ್ನು ನಮ್ಮ ಡಾಕ್ಟರ ಬಳಿ ಕರೆದೊಯ್ದೆ. ಮೈ ತುಂಬಿಕೊಳ್ಳಲೆಂದು ಅನಬಾಲಿಕ್ ಸ್ಟೀರಾಯ್ಡ್ ಜಾತಿಯ ಶಕ್ತಿಗುಳಿಗೆ ಬರೆಯುತ್ತ ಅವರು, "ಬ್ಯಾರೆ ಏನರ ಗುಳಿಗಿ ನುಂಗ್ತೀರೇನ್ರಿ?" ಎಂದರು.

"ಏನಿಲ್ರಿ ಯಪ್ಪಾ," ಎಂದಳು ಚಿಗವ್ವ. ಸತ್ಯಬೋಧಕನಾದ ನಾನು ಪಕ್ಕದಲ್ಲೇ ಕುಳಿತು ಗೋಡೆಯ ಕ್ಯಾಲೆಂಡರನ್ನು ಅಭ್ಯಾಸ ಮಾಡಿದೆ.

ಎಂಟು ದಿನ ಎರಡೂ ಗುಳಿಗೆ ನಡೆದವು. ಒಂಬತ್ತನೆಯ ದಿನ ಬೆಳಿಗ್ಗೆ ರೊಟ್ಟಿ ಬಡಿಯುತ್ತಿದ್ದವಳ ಕೈ ನಡುಗಿತು, ಮೈಯೆಲ್ಲ ಬೆವರಿತು. ಅಶಕ್ತಿಯೆಂದು ನಿರ್ಣಯಿಸಿದ ಮಹಾಪಂಡಿತನಾದ ನಾನು ಮತ್ತೊಂದು ಶಕ್ತಿಗುಳಿಗೆ ನುಂಗಿಸಿದೆ! ನನ್ನ ಹೆಂಡತಿ ತಂದ ಚಹಾವನ್ನು "ಸಕ್ಕರಿ ಹಾಕ್ಯಾಳ, ಬ್ಯಾಡ" ಎಂದು ಸರಿಸಿದವಳು ಹಾಗೆಯೇ ಗೋಡೆಗೆ ವಾಲಿ ಪ್ರಜ್ಞೆ ತಪ್ಪಿದಳು.

ಧಾವಿಸಿ ಬಂದ ನಮ್ಮ ಡಾಕ್ಟರು ಮತ್ತೆ ಅದೇ ಪ್ರಶ್ನೆ ಕೇಳಿದರು. ಸೌಜನ್ಯವನ್ನೆಲ್ಲ ಬದಿಗಿಟ್ಟು ತಿಕೋಟಾದ ಗುಳಿಗೆಯ ಸಂಗತಿ ಒದರಿಬಿಟ್ಟೆ.

"ಮಾಸ್ತರ್ರ, ಶಕ್ತಿಗುಳಿಗಿ ಆ ಗುಳಿಗೀಗೆ ಇನ್ನಷ್ಟು ಜೋರ ಕೊಡ್ತೈತ್ರಿ. ಎರಡೂ ಕೂಡಿ ರಕ್ತದಾಗಿನ ಸಕ್ಕರಿ ಪೂರಾ ಇಳಿಸ್ಯಾವ. ಮೊದಲ ಹೇಳಬಾರದೇನು?" ಎನ್ನುತ್ತ ಅವರು ನರಕ್ಕೆ ಗ್ಲೂಕೋಸ್ ಕೊಟ್ಟರು. ಎರಡನೆಯ ಸಲ ತಬ್ಬಲಿಯಾಗುವ ಭಯದಲ್ಲಿ ನಾನು ತಣ್ಣಗಾದ ಅವಳ ಪಾದ ಉಜ್ಜುತ್ತ ಕುಳಿತೆ.

ಸ್ವಲ್ಪ ಹೊತ್ತಿಗೆ ಚಿಗವ್ವ ಕಣ್ಣು ತೆರೆದಳು. ಡಾಕ್ಟರು ಕೈ ತೊಳೆಯಲು ಹಿತ್ತಲಿಗೆ ಹೋದದ್ದನ್ನು ನೋಡಿಕೊಂಡು, ನನ್ನನ್ನು ಹತ್ತಿರಕ್ಕೆಳೆದು ಪಿಸುಗುಟ್ಟಿದಳು: "ತಿಕೋಟಾದವ್ರ ಹೆಸರ ಹೇಳಿದೇನೋ? ಪಾಪ, ಇವ್ರಿಗೆ ಎಷ್ಟ ಬ್ಯಾಸರ ಆತೋ ಏನೋ!"

"ಬ್ಯಾಸರ ಆದ್ರ ಆಗಲಿ ಬೇ," ಎಂದೆ ಅಳುತ್ತಲೇ. "ನನಗ ನೀ ಇರಬೇಕು."