ಗಾಳಿಗಿರಣಿಯಲ್ಲಿ ಬೀಸಿಸಿದ ಜೋಳ

ಗಿರಣಿಯ ಬಾಗಿಲಲ್ಲಿ ನಿಂತು ನಾನು ಆಡಿದ ಮೊದಲ ಮಾತೇ, "ನನ್ನದಕ್ಕಿಂತ ಮೊದಲು ಏನು ಬೀಸಿದ್ದೀರಿ?" ಎಂದು. ಒಳಗಿದ್ದ ಬಿಳಿಯ ಅಜ್ಜ ಕೈಗೆ ಹತ್ತಿದ ಹಿಟ್ಟನ್ನು ಏಪ್ರನ್ನಿಗೆ ಒರೆಸಿಕೊಂಡು ನನ್ನನ್ನೂ ನನ್ನ ಬಗಲಲ್ಲಿದ್ದ ಚೀಲವನ್ನೂ ನೋಡಿದ. ಅಲ್ಲಿಗೆ ಬರುವವರು ಕೇಳುವುದೇ ಬೇರೆ: ಎಷ್ಟು ಎತ್ತರ ಇದೆ, ಮೇಲೆ ಹತ್ತಬಹುದೇ, ಟಾಯ್ಲೆಟ್ ಎಲ್ಲಿದೆ. ಕಾಳು ಹೊತ್ತು ತಂದು, ಬಂದವನೇ ವಿಚಾರಣೆ ಶುರುಮಾಡಿದ ಗಿರಾಕಿ ಅವನಿಗೆ ಅದೇ ಮೊದಲಂತೆ.

ನಮ್ಮ ಗದಗದ ಕಡೆ ಗಿರಣಿಗೆ ಹೋದವರು ಮೊದಲು ಕೇಳುವುದು ಇದನ್ನೇ. ಜೋಳದ ಹಿಂದೆ ಜೋಳ ಹಾಕಿಸಬೇಕು, ಗೋಧಿಯ ಹಿಂದೆ ಗೋಧಿ. ನಮಗಿಂತ ಮೊದಲಿನವರು ಗೋಧಿ ಬೀಸಿಸಿದ್ದರೆ ಕಲ್ಲಿನ ಸಂದಿಯಲ್ಲಿ ಉಳಿದದ್ದು ನಮ್ಮ ಜೋಳಕ್ಕೆ ಬೆರೆಯುತ್ತದೆ. ಡಬ್ಬಿ ಇಟ್ಟುಕೊಂಡು ಕೂತ ಹೆಂಗಸರು "ಏನ್ ಬೀಸಾಕತ್ತೀರಿ?" ಎಂದು ಕೇಳಿಕೊಂಡೇ ತಮ್ಮ ಪಾಳಿಯನ್ನು ಹಿಂದೆ ಮುಂದೆ ಮಾಡಿಕೊಳ್ಳುತ್ತಿದ್ದರು. ನ್ಯೂಜಿಲೆಂಡಿಗೆ ಬಂದ ಮೇಲೆ ಈ ಪ್ರಶ್ನೆ ಕೇಳುವ ಪ್ರಸಂಗವೇ ಬಂದಿರಲಿಲ್ಲ. ಇಲ್ಲಿ ಹಿಟ್ಟು ಪಾಕೀಟಿನಲ್ಲೇ ಹುಟ್ಟುತ್ತದೆ.

ಮೌಂಟ್ ರಾಸ್ಕಿಲ್‌ನಲ್ಲಿ ನಮ್ಮ ಮನೆಯ ಹತ್ತಿರದ ಇಂಡಿಯನ್ ಅಂಗಡಿಯಲ್ಲಿ ಜೋಳದ ಹಿಟ್ಟು ಸಿಗುತ್ತದೆ. ಹಡಗಿನಲ್ಲಿ ಬಂದು, ಯಾವುದೋ ಗೋದಾಮಿನಲ್ಲಿ ಬಿದ್ದುಕೊಂಡಿದ್ದು, ಆಮೇಲೆ ಅಂಗಡಿಯ ಕಪಾಟು ಸೇರುವ ಹಿಟ್ಟು. ಗೋದಾಮಿನ ಸಮಾಚಾರ ನನಗೆ ಯಾರೂ ಹೇಳಬೇಕಾಗಿಲ್ಲ. ನಾನು ಕೆಲಸ ಮಾಡುವುದೇ ಪೆನ್‌ರೋಸ್‌ನ ಒಂದು ಗೋದಾಮಿನ ಆಫೀಸಿನಲ್ಲಿ, ಯಾವ ಮಾಲು ಎಷ್ಟು ಕಾಲ ಧೂಳು ತಿನ್ನುತ್ತದೆಂದು ದಿನಾ ನೋಡುತ್ತೇನೆ. ಜೋಳದ ಹಿಟ್ಟು ಹಳತಾದಷ್ಟೂ ಜಿಗಿ ಕಳೆದುಕೊಳ್ಳುತ್ತದೆ. ಆಮೇಲೆ ಎಷ್ಟು ಬಿಸಿ ಎಸರು ಹಾಕಿ ನಾದಿದರೂ ಅಷ್ಟೇ, ಬಡಿಯುವಾಗ ಅಂಚು ಸೀಳುತ್ತದೆ, ಎತ್ತುವಾಗ ರೊಟ್ಟಿ ಎರಡಾಗುತ್ತದೆ.

ಬಂದ ಹೊಸದರಲ್ಲಿ ನನ್ನ ಹೆಂಡತಿ ಆ ಪಾಕೀಟನ್ನು ಬಾಯ್ತುಂಬ ಬೈಯುತ್ತಿದ್ದಳು. "ಇದು ಹಿಟ್ಟಲ್ರೀ, ಗೋಡೆಗೆ ಬಳಿಯೋ ಸುಣ್ಣ. ತಿಂದ್ರ ಹೊಟ್ಟಿ ಬೆಳ್ಳಗಾಕ್ಕೈತಿ ಅಷ್ಟ" ಎನ್ನುವಳು. ಅವಳ ಬೈಗುಳ ಕೇಳಲು ಚೆಂದವಿರುತ್ತಿತ್ತು, ಮುರಿದ ರೊಟ್ಟಿಯೂ ಅದರ ಜೊತೆ ರುಚಿಯಾಗಿಯೇ ಇಳಿಯುತ್ತಿತ್ತು. ವರ್ಷ ಕಳೆದಂತೆ ಬೈಗುಳ ಕಡಿಮೆಯಾಯಿತು. ಕೊನೆಕೊನೆಗೆ ಅವಳು ರೊಟ್ಟಿ ಬಡಿಯುವುದನ್ನೇ ಬಿಟ್ಟಳು. ಯಾಕೆಂದು ಕೇಳಿದರೆ, "ಹಿಟ್ಟಿನ ತಪ್ಪಲ್ಲ ಬಿಡ್ರಿ. ನನ್ನ ಕೈಯಾಗಿನ ಗುಣಾನ ಹೋಗೇತಿ. ಕೈ ಮರ್ತಾವು" ಅಂದಳು. ತವರಿನಲ್ಲಿ ಮದುವೆಯ ಮನೆಗೆ ರೊಟ್ಟಿ ಬಡಿಯಲು ಅಕ್ಕಪಕ್ಕದವರು ಕರೆದೊಯ್ಯುತ್ತಿದ್ದ ಹುಡುಗಿ ಅವಳು. ಹಾಗೇನಿಲ್ಲ, ಹಿಟ್ಟೇ ಹಳತು ಎಂದು ನಾನು ಎಷ್ಟು ಹೇಳಿದರೂ ನಂಬಲಿಲ್ಲ. ಆಸ್ಪತ್ರೆಯಲ್ಲಿ ಮಲಗಿದ್ದಾಗಲೂ ಒಂದು ಮಧ್ಯಾಹ್ನ ಸೂಜಿ ಚುಚ್ಚಿದ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡು ಅದೇ ಮಾತು ಅಂದಳು.

ನಾನು ಗಿರಣಿಗೆ ಹೋದ ದಿನದ ಮರುದಿನಕ್ಕೆ ಅವಳು ಹೋಗಿ ವರ್ಷ ತುಂಬುತ್ತಿತ್ತು. ವರ್ಷದ ದಿನ ಎಡೆ ಇಡಬೇಕಲ್ಲ, ಆ ಎಡೆಯಲ್ಲಿ ಹೊಸದಾಗಿ ಬೀಸಿದ ಹಿಟ್ಟಿನ ಒಂದು ರೊಟ್ಟಿ ಇರಬೇಕು, ಒಡೆಯದ ರೊಟ್ಟಿ. ಅದನ್ನು ಅವಳ ಫೋಟೋದ ಮುಂದಿಟ್ಟು, ತಪ್ಪು ಹಿಟ್ಟಿನದು, ನಿನ್ನ ಕೈಯದಲ್ಲ ಎಂದು ಸಾಬೀತು ಮಾಡಬೇಕು. ನನ್ನ ತಲೆಯಲ್ಲಿ ಕೂತಿದ್ದು ಇಷ್ಟೇ. ಹಟ ಅನ್ನಿ, ಹುಚ್ಚು ಅನ್ನಿ. ವೆಲ್ಲಿಂಗ್ಟನ್‌ನಲ್ಲಿರುವ ಮಗಳಿಗೆ ಫೋನಿನಲ್ಲಿ ಹೇಳಿದೆ. ಅವಳು "ಅಪ್ಪಾ, ಇಟ್ಸ್ ಜಸ್ಟ್ ಫ್ಲೌರ್, ಬರೀ ಹಿಟ್ಟು" ಅಂದಳು. ಅವಳ ದನಿ ಮೆತ್ತಗೇ ಇತ್ತು. ಆದರೂ ನನಗೆ ಸಿಟ್ಟು ಬಂತು, ಆಮೇಲೆ ಮಾತಾಡೋಣ ಎಂದು ಇಟ್ಟುಬಿಟ್ಟೆ.

ಅಂಗಡಿಯಲ್ಲಿ ಇಡೀ ಜೋಳ ಸಿಕ್ಕಿತು. ಮಿಕ್ಸರಿಗೆ ಹಾಕಿದರೆ ರವೆಯಾಯಿತು, ಮಿಕ್ಸರು ಸುಟ್ಟ ವಾಸನೆ ಬಿಟ್ಟಿತು. ಆಫೀಸಿನಲ್ಲಿ ಮಧ್ಯಾಹ್ನ ಬ್ರೆಡ್ಡು ತಿನ್ನುತ್ತಿದ್ದ ಒಬ್ಬ 'ಕಿವಿ', ಅಂದರೆ ಈ ದೇಶದವನೇ ಆದ ಜೊತೆಗಾರ, ತನ್ನ ಬ್ರೆಡ್ಡಿನ ಹಿಟ್ಟು ದಕ್ಷಿಣದ ಒಂದು ಸಣ್ಣ ಊರಿನ ಗಾಳಿಗಿರಣಿಯದೆಂದ. ಇಂಗ್ಲೆಂಡಿನ ಲಿಂಕನ್‌ಶೈರ್ ಎಂಬ ಜಿಲ್ಲೆಯಿಂದ ಬಂದು ನೆಲೆಸಿದವರು ತಮ್ಮೂರಿನ ನಮೂನೆಯಲ್ಲೇ ಕಟ್ಟಿಕೊಂಡ ಹಳೆಯ ಗಿರಣಿ, ಈಗ ಊರವರೇ ಸೇರಿ ದುರಸ್ತಿ ಮಾಡಿ ಶನಿವಾರ ಮಾತ್ರ ಓಡಿಸುತ್ತಾರೆ ಎಂದ.

ಶನಿವಾರ ನನಗೆ ಆಗದ ದಿನ. ಶುಕ್ರವಾರ ಸಂಜೆ ಬಸ್ಸಿನಿಂದ ಇಳಿಯುವಾಗ ಡ್ರೈವರಿಗೆ ಥ್ಯಾಂಕ್ಯೂ ಅಂದರೆ, ಸೋಮವಾರ ಬೆಳಿಗ್ಗೆಯ ತನಕ ನನ್ನ ಬಾಯಿಗೆ ಬೀಗ. ಫ್ರಿಜ್ಜು ಗುರ್ ಅಂದರೂ ಯಾರೋ ಬಂದರೇನೋ ಎಂದು ತಿರುಗಿ ನೋಡುತ್ತೇನೆ. ಆ ಶನಿವಾರ ಮಾತ್ರ ಬೆಳಿಗ್ಗೆಯೇ ಜೋಳವನ್ನು ಹಸನು ಮಾಡಿ, ಚೀಲಕ್ಕೆ ತುಂಬಿ, ಅವಳು ಕೂರುತ್ತಿದ್ದ ಸೀಟಿನ ಮೇಲಿಟ್ಟು ಕಾರು ಹೊರಡಿಸಿದೆ. ಭಾರಕ್ಕೆ ಕಾರು ಬೆಲ್ಟು ಹಾಕಿ ಎಂದು ಬಡಿದುಕೊಳ್ಳತೊಡಗಿತು. ಚೀಲಕ್ಕೆ ಬೆಲ್ಟು ಹಾಕಿದೆ.

ಗಿರಣಿ ದೂರದಿಂದಲೇ ಕಂಡಿತು. ಟಾರು ಬಳಿದ ಕಪ್ಪು ಇಟ್ಟಿಗೆಯ ಗೋಪುರ, ನೆತ್ತಿಯ ಮೇಲೆ ಬಿಳಿಯ ಟೋಪಿ, ಟೋಪಿ ಥೇಟು ಉಳ್ಳಾಗಡ್ಡಿಯ ಆಕಾರ. ನಾಲ್ಕು ರೆಕ್ಕೆ. ಒಂದೂ ಅಲುಗುತ್ತಿರಲಿಲ್ಲ.

"ಬೆಳಿಗ್ಗೆ ಗೋಧಿ ಬೀಸಿದೆ" ಎಂದು ಅಜ್ಜ ನನ್ನ ಪ್ರಶ್ನೆಗೆ ಉತ್ತರ ಕೊಟ್ಟ. "ಆದರೆ ಹೊರಗಿನವರ ಕಾಳು ನಾವು ಬೀಸುವಂತಿಲ್ಲ. ನಿಯಮ."

ಈ ದೇಶದಲ್ಲಿ ನಿಯಮ ಅಂದರೆ ಮುಗಿಯಿತು, ಮುಂದೆ ಮಾತಿಲ್ಲ. ಚೀಲ ಎತ್ತಿಕೊಂಡು ಹೊರಟುಬಿಡಬೇಕಿತ್ತು. ಹೊರಡಲು ಕಾಲು ಬರಲಿಲ್ಲ. ಅವನು ಕೇಳದಿದ್ದರೂ ಹೆಂಡತಿಯ ವಿಷಯ ಹೇಳಿದೆ, ಪಾಕೀಟಿನ ವಿಷಯ, ಕೈಯ ವಿಷಯ, ನಾಳೆಯ ವಿಷಯ. ನನ್ನ ಇಂಗ್ಲಿಷಿನಲ್ಲಿ ಜಿಗಿ ಎಂಬುದಕ್ಕೆ ಮಾತಿಲ್ಲ. ಬೆರಳುಗಳನ್ನು ಒಂದಕ್ಕೊಂದು ಅಂಟಿಸಿ ಬಿಡಿಸಿ ತೋರಿಸಿದೆ. ಅಜ್ಜ ತಲೆಯಾಡಿಸಿದ. ಚೀಲದ ಬಾಯಿ ಬಿಚ್ಚಿ ಕೈ ಹಾಕಿ ಕಾಳನ್ನು ಬೆರಳ ಸಂದಿಯಿಂದ ಸುರಿಸಿ ನೋಡಿದ.

ಆಮೇಲೆ ಅವನು ತನ್ನ ಜಿಲ್ಲೆಯ ಮಾತು ತೆಗೆದ. ಅವನೂ ಹುಟ್ಟಿದ್ದು ಲಿಂಕನ್‌ಶೈರ್‌ನಲ್ಲಿ. ಅವನ ಅಜ್ಜಿಯ ಕಾಲದಲ್ಲಿ, ಕೊಯ್ಲು ಮುಗಿದ ಮೇಲೆ ಬಡವರ ಮನೆಯ ಹೆಂಗಸರು ಹೊಲದಲ್ಲಿ ಉದುರಿದ ತೆನೆ ಆಯ್ದು, ಬಡಿದು, ಕಾಳು ಮಾಡಿಕೊಂಡು ಗಾಳಿಗಿರಣಿಗೆ ಒಯ್ಯುತ್ತಿದ್ದರಂತೆ. ಗಿರಣಿಯವನು ಅದನ್ನು ಬೇರೆಯಾಗಿಯೇ ಬೀಸಿಕೊಡುತ್ತಿದ್ದನಂತೆ. "ಹಕ್ಕಲು!" ಎಂದು ನಾನು ಕನ್ನಡದಲ್ಲೇ ಕೂಗಿಬಿಟ್ಟೆ. ನಮ್ಮಲ್ಲೂ ಹಾಗೇ ಹಕ್ಕಲು ಆಯುತ್ತಾರೆ ಎಂದೆ. ಅಜ್ಜ ಬಾಗಿಲಾಚೆ ಯಾರಾದರೂ ಇದ್ದಾರೆಯೇ ಎಂದು ನೋಡಿ, ನನ್ನ ಚೀಲವನ್ನು ತಾನೇ ಎತ್ತಿ ಒಳಗಿಟ್ಟ. "ಇದು ಹಕ್ಕಲು ಕಾಳು ಅಂದುಕೊಳ್ಳೋಣ. ಆದರೆ ಗಾಳಿ ಬರಬೇಕು."

ಕರೆಂಟಿಗಾಗಿ ಗಿರಣಿಯಲ್ಲಿ ಕಾದು ಕಾದು ಬೆಳೆದವನು ನಾನು. ಕರೆಂಟು ಎಲ್ಲಿ ಹೋಯಿತು, ಎಷ್ಟೊತ್ತಿಗೆ ಬರುತ್ತದೆ ಎಂದು ಕೇಳಲು ಅಲ್ಲಿ ಒಬ್ಬ ಲೈನ್‌ಮನ್ನಾದರೂ ಇರುತ್ತಿದ್ದ. ಗಾಳಿಯನ್ನು ಯಾರ ಹತ್ತಿರ ಕೇಳುವುದು? ಅಜ್ಜ ಥರ್ಮಾಸಿನಿಂದ ಚಹಾ ಬಗ್ಗಿಸಿಕೊಟ್ಟ. ಗೋಡೆಯ ತುಂಬ ಅವನ ಜಿಲ್ಲೆಯ ಗಿರಣಿಗಳ ಹಳೆಯ ಫೋಟೋಗಳು. ಅಲ್ಲಿ ಒಂದು ಕಾಲಕ್ಕೆ ನೂರಾರು ಇದ್ದವಂತೆ. ಈಗ ತಿರುಗುವವು ಕೆಲವೇ ಕೆಲವು. ಉಳಿದವುಗಳ ರೆಕ್ಕೆ ಕಳಚಿ, ಟೋಪಿ ತೆಗೆದು, ಕಿಟಕಿ ಕೊರೆದು ರಜೆಗೆ ಬರುವವರಿಗೆ ಬಾಡಿಗೆಗೆ ಕೊಡುತ್ತಾರಂತೆ. ತಾನು ಹುಟ್ಟಿದೂರಿನದು ಈಗ ಬರೀ ಬುಡ, ಅದರೊಳಗೆ ಯಾರೋ ಹುಲ್ಲು ಕತ್ತರಿಸುವ ಯಂತ್ರ ಇಡುತ್ತಾರೆ ಎಂದು ಹೇಳಿ ಚಹಾ ಕುಡಿದ.

ಒಂದು ಫೋಟೋದಲ್ಲಿ ಎಂಟು ರೆಕ್ಕೆಯ ಗಿರಣಿ ಇತ್ತು. ಎಂಟು ಯಾಕೆ ಎಂದು ಕೇಳಿದೆ, ಸುಮ್ಮನೆ ಮಾತು ಮುಂದುವರಿಯಲೆಂದು. ಗಾಳಿ ಕಡಿಮೆಯಿದ್ದರೂ ಶಕ್ತಿ ಹೆಚ್ಚು ಸಿಗುತ್ತದೆ ಎಂದ. "ಆಮೇಲೆ, ಒಂದು ರೆಕ್ಕೆ ಮುರಿಯಿತು ಅನ್ನು. ಅದರ ಎದುರಿನ ಜೋಡಿಯನ್ನೂ ಬಿಚ್ಚಿಬಿಡಬೇಕು. ಒಂದೇ ಉಳಿದರೆ ತೂಕ ತಪ್ಪಿ ಇಡೀ ಗಿರಣಿಯೇ ನಡುಗುತ್ತದೆ." ಅವನು ಗಿರಣಿಯ ವಿಷಯವನ್ನೇ ಹೇಳಿದ್ದ. ನಾನು ಮಾತ್ರ ಚಹಾ ಕುಡಿಯುವುದನ್ನು ಬಿಟ್ಟು ಆ ಫೋಟೋವನ್ನೇ ನೋಡಿದೆ. ಒಂದು ವರ್ಷದಿಂದ ನನ್ನ ಮನೆಯಲ್ಲಿ ಆಗುತ್ತಿರುವುದು ಇದೇ, ಆದರೆ ಯಾರೂ ಬಂದು ನನ್ನನ್ನು ಬಿಚ್ಚಿ ಕೆಳಗಿಳಿಸಿರಲಿಲ್ಲ. ಅಜ್ಜ ನನ್ನ ಮುಖ ನೋಡಿ, ಫೋಟೋ ಒರೆಸುವ ನೆಪದಲ್ಲಿ ಆ ಕಡೆ ತಿರುಗಿದ.

ಮಧ್ಯಾಹ್ನ ಇಳಿದ ಮೇಲೆ ಮರದ ಅಟ್ಟಗಳು ಕಿರ್ ಎಂದವು. ಅಜ್ಜ ಲೋಟ ಕೆಳಗಿಟ್ಟವನೇ ವಯಸ್ಸು ಮರೆತು ಏಣಿ ಹತ್ತಿದ, ನಾನು ಚೀಲ ಹೊತ್ತು ಹಿಂದೆ ಹತ್ತಿದೆ. ಹೊರಗೆ ರೆಕ್ಕೆಯ ನೆರಳು ಕಿಟಕಿಯನ್ನು ಒಮ್ಮೆ ದಾಟಿತು, ಮತ್ತೊಮ್ಮೆ ದಾಟಿತು. ಕಲ್ಲು ತಿರುಗಿತು. ಮರದ ಡಬ್ಬಕ್ಕೆ ಜೋಳ ಸುರಿದೆವು. ಕೆಳಗಿಳಿದು ಬಂದಾಗ ಕೊಳವೆಯಿಂದ ಹಿಟ್ಟು ಬೀಳತೊಡಗಿತ್ತು, ಬಿಳಿ ಹಿಟ್ಟು, ಬೆಚ್ಚಗಿನ ಹಿಟ್ಟು. ಆ ವಾಸನೆಗೆ ನನ್ನ ಕಣ್ಣು ತುಂಬಿದವು.

ಅಜ್ಜ ಚೀಲ ಒಡ್ಡಲು ಹೋದ. ನಾನು ತಡೆದೆ. "ಇದು ಬೇಡ. ಇದರಲ್ಲಿ ಬೆಳಗಿನ ಗೋಧಿ ಬೆರೆತಿದೆ."

"ಗಾಳಿ ಎಷ್ಟೊತ್ತು ಇರುತ್ತದೋ ಗೊತ್ತಿಲ್ಲ" ಎಂದು ಎಚ್ಚರಿಸಿದ. "ಚೂರು ಗೋಧಿ ಇದ್ದರೆ ಏನಾಯಿತು? ಇನ್ನೂ ಚೆನ್ನಾಗಿಯೇ ಅಂಟುತ್ತದೆ."

ಅದಕ್ಕೇ ಬೇಡವಾಗಿದ್ದು. ಗೋಧಿಯ ಜಿಗಿಯಿಂದ ನಿಂತ ರೊಟ್ಟಿ ಸಾಕ್ಷಿಗೆ ಬರುವುದಿಲ್ಲ. ಫೋಟೋದೊಳಗಿಂದಲೇ ಅವಳು "ಮೋಸ ಮಾಡೀರಿ" ಎಂದಾಳು. ಮೊದಲ ಹಿಟ್ಟೆಲ್ಲ ಬೇರೆ ಬುಟ್ಟಿಗೆ ಬೀಳಲು ಬಿಟ್ಟೆ. ಅಜ್ಜನ ಮನೆಯ ಕೋಳಿಗಳಿಗೆ ಅದು ಹಬ್ಬವಾಗಿರಬೇಕು. ಸಾಕು ಎನ್ನಿಸಿದ ಮೇಲೆ ನನ್ನ ಚೀಲ ಹಿಡಿದೆ. ಹಿಡಿದು ಸ್ವಲ್ಪ ಹೊತ್ತಿಗೇ ನೆರಳು ಕಿಟಕಿಯ ನಡುವೆ ನಿಂತಿತು. ಕಲ್ಲು ಸುಮ್ಮನಾಯಿತು. ಚೀಲದ ತಳದಲ್ಲಿ ಎರಡು ರೊಟ್ಟಿಗಾಗುವಷ್ಟು ಹಿಟ್ಟಿತ್ತು. ಕತ್ತಲಾಗುವ ತನಕ ಇಬ್ಬರೂ ಬಾಗಿಲಲ್ಲಿ ಕೂತು ಕಾದೆವು. ಗಾಳಿ ಮತ್ತೆ ಬರಲಿಲ್ಲ. ಉಳಿದ ಕಾಳನ್ನು ಅಲ್ಲೇ ಬಿಟ್ಟು ಬಂದೆ.

ಮರುದಿನ ಸ್ನಾನ ಮಾಡಿ, ಅವಳ ಫೋಟೋಕ್ಕೆ ಹಿತ್ತಲಿನ ಹೂವು ಏರಿಸಿ, ಝುಣಕ ಮಾಡಿ, ಶೇಂಗಾ ಚಟ್ನಿ ತೆಗೆದಿಟ್ಟು, ಎಸರಿಗಿಟ್ಟೆ. ಇಷ್ಟು ವರ್ಷ ರೊಟ್ಟಿ ಬಡಿಯುವುದನ್ನು ನಾನು ನೋಡಿದ್ದು ಊಟದ ಟೇಬಲಿನಿಂದ, ತಿನ್ನುವವನ ಕಣ್ಣಿನಿಂದ. ಮೊದಲನೆಯದನ್ನು ಬಡಿದೆ, ಎತ್ತಿದೆ. ನಡುವೆ ಸೀಳಿ ಅರ್ಧ ಕೈಯಲ್ಲಿ ಬಂತು, ಅರ್ಧ ಕಟ್ಟೆಯ ಮೇಲೇ ಉಳಿಯಿತು. ಇನ್ನು ಉಳಿದದ್ದು ಒಂದೇ ಉಂಡೆ. ಅದನ್ನು ಬಹಳ ಹೊತ್ತು ನಾದಿದೆ, ಬೆರಳಿಗೆ ಹತ್ತಿ ಬಿಡಲೊಲ್ಲೆ ಅನ್ನುವ ತನಕ. ಅವಳು ಮಾಡುತ್ತಿದ್ದಂತೆ ಅಂಗೈ ತಿರುಗಿಸುತ್ತ ನಿಧಾನ ಬಡಿದೆ. ಸೊಟ್ಟಗಿತ್ತು, ದಪ್ಪವಿತ್ತು, ಅವಳು ನೋಡಿದ್ದರೆ ನಕ್ಕು ನಕ್ಕು ಕೂತುಬಿಡುತ್ತಿದ್ದಳು. ಎರಡೂ ಅಂಗೈ ಕೆಳಗೆ ಹಾಕಿ ಎತ್ತಿದೆ. ಬಂತು. ಇಡಿಯಾಗಿ ಬಂತು. ಹಂಚಿನ ಮೇಲೆ ಹಾಕಿ ನೀರು ಸವರಿ ತಿರುವಿ ಹಾಕಿದೆ, ಆಗಲೂ ಒಡೆಯಲಿಲ್ಲ.

ಹುಟ್ಟಿದಾಗಿನಿಂದ ರೊಟ್ಟಿ ಬಡಿಯದ ನನ್ನಂಥವನ ಕೈಯಲ್ಲೂ ನಿಂತ ಹಿಟ್ಟು ಅವಳ ಕೈಯಲ್ಲಿ ಹೇಗೆ ನಿಲ್ಲುತ್ತಿರಲಿಲ್ಲ? ಅವಳ ಕೈಗೆ ಏನೂ ಆಗಿರಲಿಲ್ಲ. ಕೊನೆಯ ದಿನದ ತನಕ ಅದು ನೆಟ್ಟಗೇ ಇತ್ತು.

ಎಡೆ ಹಿಡಿದು, ಫೋಟೋದ ಮುಂದೆ ಕೂತು ಜೋರಾಗಿಯೇ ಹೇಳಿದೆ. "ನೋಡು, ಹಿಟ್ಟಿಂದ ತಪ್ಪು. ನಿನ್ನ ಕೈಯಿಂದಲ್ಲ. ನಾ ಹೇಳಿದ್ನಿಲ್ಲೋ?" ಒಳಗೆ ಫ್ರಿಜ್ಜು ಗುರ್ ಅಂದಿತು. ನಾನು ತಿರುಗಿ ನೋಡಿದೆ. ಯಾರೂ ಇರಲಿಲ್ಲ.

ಎಡೆಯನ್ನು ಮನೆಯ ಮಂದಿ ಹಂಚಿಕೊಂಡು ಉಣ್ಣಬೇಕು, ಅದು ನಮ್ಮ ಪದ್ಧತಿ. ಬಹಳ ಹೊತ್ತು ತಟ್ಟೆಯ ಮುಂದೆ ಕೂತಿದ್ದೆ. ಆಮೇಲೆ, ಅಷ್ಟು ಕಷ್ಟಪಟ್ಟು ಒಡೆಯದಂತೆ ಮಾಡಿದ ರೊಟ್ಟಿಯನ್ನು ನಾನೇ ಮುರಿದು, ಒಬ್ಬನೇ ಉಂಡೆ.