ಅರ್ಧ ಪುಸ್ತಕ, ನಾಲ್ಕನೇ ಟೇಬಲ್

ಸಂಖ್ಯಾಶಾಸ್ತ್ರದ ಪುಸ್ತಕವನ್ನು ಎರಡಾಗಿ ಕತ್ತರಿಸುವ ಯೋಚನೆ ನನ್ನದಲ್ಲ, ಗೆಳತಿಯದು. ನನಗೆ ಅಷ್ಟು ಧೈರ್ಯ ಆಗಲೂ ಇರಲಿಲ್ಲ, ಈ ನಡುವಯಸ್ಸಿನಲ್ಲೂ ಇಲ್ಲ. ದರಿಯಾಗಂಜಿನ ಭಾನುವಾರದ ಪುಸ್ತಕಸಂತೆಯ ಫುಟ್‌ಪಾತ್‌ನಲ್ಲಿ ಹಳೆಯ ಪ್ರತಿ ಸಿಗಲಿಲ್ಲ. ಹೊಸದಕ್ಕೆ ಕೇಳಿದರೆ, ಸರ್ಕಾರಿ ಗುಮಾಸ್ತರಾಗಿದ್ದ ಅಪ್ಪ ಕೊಡುತ್ತಿದ್ದರು. ಕೊಟ್ಟ ಮೇಲೆ ತಿಂಗಳಿಡೀ ಸ್ಕೂಟರ್ ಬಿಟ್ಟು ಬಸ್ಸಿನಲ್ಲಿ ಹೋಗುತ್ತಿದ್ದರು. ಬೈದಿದ್ದರೆ ವಾಸಿಯಿತ್ತು.

"ದುಡ್ಡು ಅರ್ಧ ಅರ್ಧ ಹಾಕೋಣ. ಪುಸ್ತಕವನ್ನೂ ಅರ್ಧ ಮಾಡೋಣ, ಯಾರ್," ಎಂದಳು ಅವಳು.

ಕಾಲೇಜಿನ ಹಿಂದಿನ ಬೈಂಡಿಂಗ್ ಅಂಗಡಿಯ ಭಯ್ಯಾ ಹೊಸ ಪುಸ್ತಕವನ್ನು ತಿರುಗಿಸಿ ನೋಡಿ, "ಖರಬೂಜ್ ಹೈ ಕ್ಯಾ?" ಎಂದು ನಕ್ಕ. ಆದರೂ ಕರಬೂಜದ ಹಣ್ಣು ಹೋಳು ಮಾಡಿದಂತೆ ನಡುವೆ ಕತ್ತರಿಸಿ, ಎರಡಕ್ಕೂ ರಟ್ಟು ಹಾಕಿಕೊಟ್ಟ.

ಕಾಲೇಜು ನಡೆಯುವಷ್ಟು ದಿನ ತೊಂದರೆಯಿರಲಿಲ್ಲ, ದಿನಾ ಅದಲುಬದಲು. ಪರೀಕ್ಷೆಯ ರಜೆ ಶುರುವಾದಾಗ ನಾನು ಮೊದಲರ್ಧ ಹಿಡಿದು ರೋಹಿಣಿ ಬಡಾವಣೆಯ ನಮ್ಮ ಮನೆಗೆ ಬಂದೆ, ಅವಳು ಉಳಿದರ್ಧದೊಂದಿಗೆ ಫರೀದಾಬಾದಿಗೆ ಹೋದಳು. ಮೆಟ್ರೊ ಆಗಷ್ಟೇ ನಮ್ಮ ಕಡೆ ಬಂದಿತ್ತು. ಅವಳ ಕಡೆಗೆ ಬಸ್ಸೇ ಗತಿ. ಮೊದಲ ಅಧ್ಯಾಯದ ಲೆಕ್ಕ ಮುಗಿಸಿ ಉತ್ತರ ನೋಡಲು ಹಾಳೆ ಮಗುಚಿದಾಗ ಹೊಳೆಯಿತು: ಅಷ್ಟೂ ಉತ್ತರಗಳಿದ್ದದ್ದು ಪುಸ್ತಕದ ಕೊನೆಯಲ್ಲಿ. ಅಂದರೆ, ಫರೀದಾಬಾದಿನಲ್ಲಿ.

ಒಳಪರೀಕ್ಷೆಯಲ್ಲಿ ಫೇಲಾಗಿದ್ದೆ. ವಾರ್ಷಿಕದಲ್ಲೂ ಹೋದರೆ ವರ್ಷವೇ ಹೋಯಿತು. ಗ್ಯಾಸ್ ಆರಿಸಿದ್ದೇನೋ ಇಲ್ಲವೋ ಎಂದು ಮತ್ತೆ ಮತ್ತೆ ನೋಡಿ ಬರುವ ನಾನು, ಉತ್ತರ ತಾಳೆ ನೋಡದೆ ಮಲಗುವುದುಂಟೆ? ಫೋನ್ ಮಾಡಿದೆ.

ಗೆಳತಿಯ ಮನೆ ಅವಳಪ್ಪನ ಹೋಟೆಲಿನ ಮೇಲಿತ್ತು. ಫೋನ್ ಇದ್ದದ್ದು ಕೆಳಗೆ, ಗಲ್ಲಾದ ಪಕ್ಕ. "ಅವಳನ್ನು ಕರೀಲಿಕ್ಕೆ ಪುರುಸೊತ್ತಿಲ್ಲ ಮಾರಾಯ್ತಿ," ಎಂದರು ಉಡುಪಿ ಕಡೆಯ ಆ ಅಂಕಲ್. ಮರುದಿನದಿಂದ, ಮಗಳು ಮಧ್ಯಾಹ್ನ ನಿದ್ದೆ ಮಾಡುವ ಹೊತ್ತಿಗೆ ಪುಸ್ತಕವನ್ನು ಗಲ್ಲಾಕ್ಕೆ ತರಿಸಿಕೊಂಡು ತಾವೇ ಓದಿ ಹೇಳತೊಡಗಿದರು.

"ಬರ್ಕೊ. ಒಂದನೇದು, ಸೊನ್ನೆ ಪಾಯಿಂಟ್ ಎರಡು. ಎರಡನೇದು, ಸೊನ್ನೆ ಪಾಯಿಂಟ್ ಆರು. ಮೂರನೇದು... ಅಲ್ಲಿಗೆ ಚಟ್ನಿ ಕೊಡು ಮಾರಾಯ!... ಎಂಬತ್ತೈದು."

ಅದು ಸಂಭವನೀಯತೆಯ ಅಧ್ಯಾಯ. ಅಲ್ಲಿ ಯಾವ ಉತ್ತರವೂ ಒಂದನ್ನು ಮೀರುವುದಿಲ್ಲ ಎಂದು ಮೊದಲ ಪುಟದಲ್ಲೇ ಇತ್ತು. ಆದರೆ ಅಚ್ಚಾದದ್ದನ್ನು ಅನುಮಾನಿಸುವುದಕ್ಕಿಂತ ನನ್ನನ್ನೇ ಅನುಮಾನಿಸಿಕೊಳ್ಳುವುದು ನನಗೆ ರೂಢಿ. ಸಂಜೆಯವರೆಗೆ ಕೂಡಿಸಿದೆ, ಗುಣಿಸಿದೆ, ಹೇಗೋ ಎಳೆದಾಡಿ ಎಂಬತ್ತನಾಲ್ಕಕ್ಕೆ ತಂದೆ. ಒಂದು ಕಡಿಮೆ ಬಿತ್ತಲ್ಲ ಎಂದು ಅಳು ಬಂತು. ಮತ್ತೆ ಫೋನ್ ಮಾಡಿದೆ.

"ಎಂಬತ್ತೈದಾ? ಅದು ನಾಲ್ಕನೇ ಟೇಬಲಿನ ಬಿಲ್ಲು ಮಾರಾಯ್ತಿ! ನೀನು ಬಸ್ ಹತ್ತಿ ಇಲ್ಲಿಗೇ ಬಾ. ಎರಡೂ ತುಂಡು ಒಂದೇ ಕಡೆ ಇರಲಿ."

ಹೋದೆ. ಹೋಟೆಲಿನ ಮೂಲೆಯ ಮೇಜಿನಲ್ಲಿ ಎರಡು ಅರ್ಧಗಳನ್ನೂ ಪಕ್ಕಪಕ್ಕ ಇಟ್ಟುಕೊಂಡು ಓದಿದೆವು. ಕೇಳದಿದ್ದರೂ ಕಾಫಿ ಬರುತ್ತಿತ್ತು. ನನ್ನರ್ಧದ ಹಾಳೆಗಳಿಗೂ ಸಾಂಬಾರಿನ ವಾಸನೆ ಹತ್ತಿತು. ಆಮೇಲೆ ಎಷ್ಟೋ ಪುಸ್ತಕಗಳನ್ನು ಇಡಿಯಾಗಿಯೇ ಕೊಂಡಿದ್ದೇನೆ. ಅಷ್ಟು ಸುಖವಾಗಿ ಯಾವುದನ್ನೂ ಓದಿಲ್ಲ.

ಫಲಿತಾಂಶದ ದಿನ ನಾನು ಕಾಲೇಜಿಗೆ ಹೋಗಲಿಲ್ಲ. ಭಯಕ್ಕೆ ಮನೆಯ ಫೋನಿನ ರಿಸೀವರನ್ನೂ ಎತ್ತಿಟ್ಟಿದ್ದೆ. ಕೊನೆಗೆ ತಡೆಯಲಾರದೆ ಹೋಟೆಲಿಗೆ ಫೋನ್ ಹಚ್ಚಿದೆ; ಕಾಲೇಜಿನ ಬೋರ್ಡ್ ನೋಡಿದ ಗೆಳತಿ ಅಲ್ಲಿಗೆ ಆಗಲೇ ಫೋನ್ ಮಾಡಿ ನನ್ನ ಅಂಕ ತಿಳಿಸಿದ್ದಳು.

"ಐವತ್ತೆರಡು! ಪಾಸು ಮಾರಾಯ್ತಿ!"

ಹಿಂದೆ ತಟ್ಟೆ ಲೋಟಗಳ ಸದ್ದು ಕೇಳುತ್ತಿತ್ತು. ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೇಳಿದೆ:

"ಅಂಕಲ್, ಅದು ನನ್ನದೇನಾ? ನಾಲ್ಕನೇ ಟೇಬಲಿನದಲ್ಲ ತಾನೇ?"